ಮೂಗಿನಿಂದ ಜೀವಕೋಶದವರೆಗೆ: ಪ್ರಾಣಿಗಳ ಉಸಿರಾಟವನ್ನು ಕಣ್ಣಾರೆ ನೋಡಿ ಕಲಿಯುವ ಸಮಗ್ರ ಮಾರ್ಗದರ್ಶಿ

ಉಸಿರಾಟ ಎಂದ ಕೂಡಲೇ ಎಲ್ಲರಿಗೂ ಪುಪ್ಪುಸ (ಶ್ವಾಸಕೋಶ) ನೆನಪಾಗುತ್ತದೆ. ಆದರೆ ಗಾಳಿಯ ದಾರಿ ಅಲ್ಲಿಗೆ ಮುಗಿಯುವುದಿಲ್ಲ. ಮೂಗು, ಗಂಟಲು, ಗಾಳಿಕೊಳವೆ, ಪುಪ್ಪುಸ, ರಕ್ತ, ಕೊನೆಗೆ ಮೈಯ ಒಂದೊಂದು ಜೀವಕೋಶ, ಇಷ್ಟೂ ಸೇರಿದರೆ ಉಸಿರಾಟ. ಈ ದಾರಿಯಲ್ಲಿ ಎಲ್ಲಿ ತೊಂದರೆಯಾದರೂ ಹೊರಗೆ ಕಾಣುವುದು ಹೆಚ್ಚುಕಡಿಮೆ ಒಂದೇ: ದನ ಏದುಸಿರು ಬಿಡುತ್ತದೆ. ಅದಕ್ಕೇ ಪುಪ್ಪುಸ ಚೆನ್ನಾಗಿರುವ ಎಮ್ಮೆಗೂ "ನ್ಯುಮೋನಿಯಾ ಆಗೇತಿ" ಎಂದುಕೊಂಡು ಮನೆಯವರು ಎರಡು ದಿನ ಕಳೆದುಬಿಡುತ್ತಾರೆ. ತೊಂದರೆ ರಕ್ತದಲ್ಲಿರುತ್ತದೆ, ಇಲ್ಲವೇ ಹೊಟ್ಟೆಯಲ್ಲಿರುತ್ತದೆ. ದಾರಿ ಗೊತ್ತಿದ್ದರೆ ಮಾತ್ರ ಎಲ್ಲಿ ಕೆಟ್ಟಿದೆ ಎಂದು ಹುಡುಕಬಹುದು.

ಇದನ್ನು ಇಬ್ಬರಿಗಾಗಿ ಬರೆದಿದ್ದೇನೆ. ಧಾರವಾಡ, ಗದಗ, ಹಾವೇರಿ ಕಡೆ ಮನೆಯಲ್ಲಿ ದನ, ಎಮ್ಮೆ, ಕುರಿ, ಕೋಳಿ ಸಾಕಿದವರಿಗೆ. ಹಾಗೆಯೇ ಹತ್ತನೇ ಕ್ಲಾಸಿನಲ್ಲಿ ಜೀವಕ್ರಿಯೆಗಳ ಪಾಠ ಓದುವ ಮಕ್ಕಳಿಗೆ, ಅದನ್ನು ಕಲಿಸುವವರಿಗೆ. ಇಬ್ಬರಿಗೂ ಬೇಕಾದದ್ದು ಒಂದೇ ತಿಳಿವಳಿಕೆ. ಹಳ್ಳಿ ಶಾಲೆಯ ಮಕ್ಕಳಿಗಂತೂ ಇದು ತಮ್ಮ ಕೊಟ್ಟಿಗೆಯಲ್ಲೇ ಸಿಗುವ ಪಾಠ. ಪುಸ್ತಕದ ಚಿತ್ರವನ್ನು ಮಾತ್ರ ಉರು ಹೊಡೆಸುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಸೆಕೆಂಡ್ ಮುಳ್ಳಿನ ಗಡಿಯಾರ ಅಥವಾ ಮೊಬೈಲು, ಒಂದು ನೋಟ್‌ಬುಕ್ಕು, ಟಾರ್ಚು, ನೀರು ತುಂಬಿದ ಬಕೆಟ್ಟು, ಸೈಕಲ್ ಪಂಪು, ಮೊಳದುದ್ದ ರಬ್ಬರ್ ಪೈಪು, ದಾರ, ಕೈಗವಸು, ಹರಿತವಾದ ಚಾಕು.

ಹಂತ 1: ದೂರದಲ್ಲಿ ನಿಂತು ಎಣಿಸಿ

ಹತ್ತಿರ ಹೋಗಿ ಮೈ ಮುಟ್ಟಿದರೆ ಉಸಿರು ಏರುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿ, ದನ ನೆರಳಿನಲ್ಲಿ ಸುಮ್ನೆ ನಿಂತಾಗ ಅಥವಾ ಮಲಗಿದ್ದಾಗ, ನಾಲ್ಕೈದು ಹೆಜ್ಜೆ ದೂರದಲ್ಲಿ ಹಿಂದೆ ಪಕ್ಕಕ್ಕೆ ನಿಲ್ಲಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಒಂದು ತಗ್ಗು ಇರುತ್ತದೆ. ಅದು ಏಳುವುದು, ಇಳಿಯುವುದು ಸೇರಿ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ ನಾಲ್ಕು ತಪ್ಪಿದ ಹಾಗೆ.

ಎಡಗಡೆ ಎಣಿಸುವಾಗ ಒಂದು ಎಚ್ಚರ ಬೇಕು. ಅಲ್ಲಿ ದೊಡ್ಡ ಹೊಟ್ಟೆ, ಅಂದರೆ ಮೇದ ಮೇವು ಮೊದಲು ಸೇರುವ ಕೋಣೆ, ಕೂಡ ಆಗಾಗ ಮಗುಚಿಕೊಳ್ಳುತ್ತದೆ. ಅದು ನಿಮಿಷಕ್ಕೆ ಒಂದೆರಡು ಸಲ ಬರುವ ನಿಧಾನದ ಅಲೆ. ಅದನ್ನು ಉಸಿರಿನ ಲೆಕ್ಕಕ್ಕೆ ಸೇರಿಸಬೇಡಿ. ಗೊಂದಲವಾದರೆ ಬಲಗಡೆ ನಿಂತು ಎಣಿಸಿ.

ಆರೋಗ್ಯವಾಗಿರುವ ದೊಡ್ಡ ಆಕಳು, ಎಮ್ಮೆ, ಎತ್ತು ತಂಪಿನಲ್ಲಿ ನಿಮಿಷಕ್ಕೆ ಸುಮಾರು 15ರಿಂದ 30 ಸಲ ಉಸಿರಾಡುತ್ತವೆ. ಕುರಿ, ಆಡುಗಳದ್ದೂ ಹೆಚ್ಚುಕಡಿಮೆ ಅಷ್ಟೇ. ಕುದುರೆಯದ್ದು ಕಡಿಮೆ, 8ರಿಂದ 16. ನಾಯಿ 10ರಿಂದ 30. ಕರು, ಮರಿಗಳದ್ದು ದೊಡ್ಡವಕ್ಕಿಂತ ಯಾವಾಗಲೂ ಜಾಸ್ತಿ. ಇವು ಪುಸ್ತಕದ ಅಂಕಿಗಳು. ನಿಮಗೆ ಬೇಕಾದದ್ದು ನಿಮ್ಮ ಎಮ್ಮೆಯ ಅಂಕಿ. ಅದು ಚೆನ್ನಾಗಿದ್ದಾಗ ಒಂದು ವಾರ ದಿನಾ ಬೆಳಿಗ್ಗೆ ಎಣಿಸಿ ಬರೆದಿಡಿ. ಅದರ ಜೊತೆಗೆ ಮಧ್ಯಾಹ್ನದ ಅಂಕಿಯನ್ನೂ ಬರೆಯಿರಿ.

ಮಧ್ಯಾಹ್ನದ್ದು ಯಾಕೆ? ಏಪ್ರಿಲ್, ಮೇ ತಿಂಗಳಲ್ಲಿ ಗದಗ, ರೋಣ, ನವಲಗುಂದದ ಕರಿ ಎರೆಭೂಮಿಯ ಬಿಸಿಲು ಹೇಗಿರುತ್ತದೆ ಎಂದು ಅಲ್ಲಿದ್ದವರಿಗೆ ಹೇಳಬೇಕಿಲ್ಲ. ಎಮ್ಮೆಯ ಚರ್ಮ ಕಪ್ಪು, ಬೆವರು ಗ್ರಂಥಿಗಳು ಆಕಳಿಗಿಂತ ಬಹಳ ಕಡಿಮೆ. ಮೈಯ ಬಿಸಿ ಹೊರಹಾಕಲು ಅದಕ್ಕೆ ಮುಖ್ಯವಾಗಿ ಎರಡು ದಾರಿ: ನೀರಿನಲ್ಲಿ ಮಲಗುವುದು, ಜೋರಾಗಿ ಉಸಿರಾಡುವುದು. ನಿಂತಲ್ಲೇ ನಿಮಿಷಕ್ಕೆ 60 ದಾಟಿದರೆ ಬಿಸಿಲಿನ ತಾಪ ತಟ್ಟಿದೆ ಎಂದೇ ತಿಳಿಯಿರಿ. ನೆರಳಿಗೆ ಕಟ್ಟಿ, ಮೈಮೇಲೆ ನೀರು ಹಾಕಿ, ಅರ್ಧ ತಾಸಿನ ನಂತರ ಮತ್ತೆ ಎಣಿಸಿ. ಇಳಿದರೆ ಬಿಸಿಲಿನದ್ದು. ಇಳಿಯದಿದ್ದರೆ ಮುಂದಿನ ಹಂತಗಳನ್ನು ನೋಡಬೇಕು. ಧಾರವಾಡ ಪೇಢೆಗೆ ಹೆಸರು ತಂದ ಹಾಲು ಕೊಟ್ಟದ್ದು ಈ ಭಾಗದ ಧಾರವಾಡಿ ಎಮ್ಮೆ. ಅದಕ್ಕೆ ಬೇಸಿಗೆಯಲ್ಲಿ ಒಂದು ಕೆರೆ ಅಥವಾ ಒಂದು ಟ್ಯಾಂಕು ನೀರು ಸಿಗಲೇಬೇಕು.

ಹಂತ 2: ಎಷ್ಟು ಎಂಬುದರ ಜೊತೆಗೆ ಹೇಗೆ ಎಂದು ನೋಡಿ

ಇದನ್ನು ಬಹಳ ಜನ ನೋಡುವುದೇ ಇಲ್ಲ. ನನ್ನ ಮಟ್ಟಿಗೆ ಎಣಿಕೆಗಿಂತ ಇದೇ ಮುಖ್ಯ.

ಚೆನ್ನಾಗಿರುವ ದನದಲ್ಲಿ ಎದೆಗೂಡು ಮತ್ತು ಹೊಟ್ಟೆ ಎರಡೂ ಒಟ್ಟಿಗೆ ಆಡುತ್ತವೆ. ಎದೆ ಅಲುಗಾಡದೆ ಬರೀ ಹೊಟ್ಟೆ ಆಡುತ್ತಿದ್ದರೆ ಎದೆಯೊಳಗೆ ನೋವಿದೆ ಎಂದು ಅರ್ಥ. ಮೇವಿನ ಜೊತೆ ತಂತಿ, ಮೊಳೆ ನುಂಗಿದ ದನಗಳಲ್ಲಿ ಹೀಗಾಗುವುದುಂಟು. ಹೊಟ್ಟೆಯ ಎರಡನೆಯ ಕೋಣೆ ಎದೆಗೆ ಅಂಟಿಕೊಂಡಂತೆ ಇರುತ್ತದೆ. ಅಲ್ಲಿ ನಿಂತ ಮೊಳೆ ಮುಂದಕ್ಕೆ ಚುಚ್ಚಿದರೆ ಸಿಗುವುದು ಹೃದಯ. ಇದಕ್ಕೆ ತಿರುಗುಮುರುಗಾಗಿ, ಹೊಟ್ಟೆ ಬಿಗಿ ಹಿಡಿದು ಬರೀ ಎದೆಯಿಂದ ಉಸಿರಾಡುತ್ತಿದ್ದರೆ ತೊಂದರೆ ಹೊಟ್ಟೆಯದ್ದು.

ಆಮೇಲೆ ಉಸಿರಿನ ಎರಡು ಭಾಗವನ್ನು ಬೇರೆ ಮಾಡಿ ನೋಡಿ. ಒಳಗೆ ಎಳೆಯುವಾಗ ಕಷ್ಟ, ಸದ್ದು ಇದ್ದರೆ ಸಾಮಾನ್ಯವಾಗಿ ಮೂಗು ಅಥವಾ ಗಂಟಲಿನಲ್ಲಿ ಅಡ್ಡಿ ಇರುತ್ತದೆ. ಹೊರಗೆ ಬಿಡುವಾಗ ನರಳುತ್ತಿದ್ದರೆ, ಹೊಟ್ಟೆ ಹಿಂಡಿ ಗಾಳಿ ದಬ್ಬುತ್ತಿದ್ದರೆ ಪುಪ್ಪುಸದ ಕಡೆ ಅನುಮಾನ ಪಡಬೇಕು. ಕುತ್ತಿಗೆ ಮುಂದಕ್ಕೆ ಚಾಚಿ, ಮೊಣಕೈ ಹೊರಗೆ ಮಾಡಿ, ಬಾಯಿ ತೆರೆದು ನಿಂತ ದನ ಆಗಲೇ ಬಹಳ ಕಷ್ಟದಲ್ಲಿದೆ. ಅಲ್ಲಿ ಎಣಿಸುತ್ತ ನಿಲ್ಲಬೇಡಿ.

ಹಂತ 3: ಮೂಗು ಮತ್ತು ಗಂಟಲು

ಟಾರ್ಚ್ ಹಾಕಿ ಮೂಗಿನ ಹೊಳ್ಳೆ ನೋಡಿ. ಎರಡೂ ಹೊಳ್ಳೆಯ ಮುಂದೆ ಅಂಗೈ ಹಿಡಿಯಿರಿ. ಎರಡರಿಂದಲೂ ಸಮನಾಗಿ ಬೆಚ್ಚನೆಯ ಗಾಳಿ ಬರಬೇಕು. ಒಂದರಿಂದ ಮಾತ್ರ ಬಂದರೆ ಇನ್ನೊಂದು ಕಟ್ಟಿದೆ.

ಮೂಗಿನೊಳಗೆ ಸುರುಳಿ ಸುರುಳಿಯಾದ ತೆಳ್ಳನೆಯ ಎಲುಬುಗಳಿವೆ. ಅವುಗಳ ಮೇಲೆ ಒದ್ದೆಯಾದ, ರಕ್ತ ತುಂಬಿದ ಪೊರೆ ಇದೆ. ಹೊರಗಿನ ಗಾಳಿ ಇದರ ಮೇಲೆ ಹಾದು ಹೋಗುವಷ್ಟರಲ್ಲಿ ಬೆಚ್ಚಗಾಗುತ್ತದೆ, ತೇವವಾಗುತ್ತದೆ, ಧೂಳು ಅಂಟಿ ಉಳಿಯುತ್ತದೆ. ಇದಕ್ಕೆ ಇನ್ನೊಂದು ಕೆಲಸವೂ ಇದೆ. ಕುರಿ, ಆಡು, ಜಿಂಕೆ ಜಾತಿಯ ಪ್ರಾಣಿಗಳಲ್ಲಿ ಮೂಗಿನಲ್ಲಿ ತಂಪಾದ ರಕ್ತ ಮಿದುಳಿನ ಬುಡಕ್ಕೆ ಹರಿದು, ಅಲ್ಲಿಗೆ ಬರುವ ಬಿಸಿ ರಕ್ತವನ್ನು ತಣಿಸುತ್ತದೆ. ರಾಣೆಬೆನ್ನೂರಿನ ಅಭಯಾರಣ್ಯದ ಕೃಷ್ಣಮೃಗಗಳಿಗೂ ಈ ಏರ್ಪಾಡು ಇದೆ. ಬಯಲಿನ ಬಿಸಿಲಿನಲ್ಲಿ ಓಡುವ ಪ್ರಾಣಿಗೆ ಮಿದುಳು ತಂಪಾಗಿರುವುದು ಸಣ್ಣ ಮಾತಲ್ಲ.

ಆಕಳು, ಎತ್ತು ನಿದ್ದೆಯಲ್ಲೂ ಎಚ್ಚರದಲ್ಲೂ ಗೊರಕೆ ಹೊಡೆದಂತೆ ಸದ್ದು ಮಾಡುತ್ತಿದ್ದರೆ, ಮೂಗಿನಿಂದ ರಕ್ತ ಬೆರೆತ ಸಿಂಬಳ ಬರುತ್ತಿದ್ದರೆ ಅದು ಗೊರಕೆ ರೋಗ ಇರಬಹುದು. ಕೆರೆ, ಹೊಂಡದ ನೀರಿನ ಬಸವನಹುಳುವಿನಿಂದ ಬರುವ ಒಂದು ಜಾತಿಯ ಹುಳು ಮೂಗಿನ ರಕ್ತನಾಳದಲ್ಲಿ ಸೇರಿಕೊಂಡು, ಒಳಗೆ ಮಾಂಸದ ಗಂಟು ಬೆಳೆಸುತ್ತದೆ. ಇದಕ್ಕೆ ಔಷಧ ಇದೆ.

ಗಂಟಲಿನಲ್ಲಿ ಗಾಳಿಯ ದಾರಿ ಮತ್ತು ಅನ್ನದ ದಾರಿ ಒಂದನ್ನೊಂದು ದಾಟುತ್ತವೆ. ನುಂಗುವಾಗ ಗಾಳಿಕೊಳವೆಯ ಬಾಯಿ ಮುಚ್ಚುತ್ತದೆ. ಇಲ್ಲೇ ನಮ್ಮ ಹಳ್ಳಿಗಳಲ್ಲಿ ಬಹಳ ಅನಾಹುತ ನಡೆಯುವುದು. ಹೊಟ್ಟೆ ಉಬ್ಬಿದಾಗ ಗೊಟ್ಟದಲ್ಲಿ (ದನಕ್ಕೆ ಔಷಧ ಕುಡಿಸುವ ಕೊಳವೆ) ಕುಸುಬಿ ಎಣ್ಣೆ ಹಾಕುತ್ತಾರೆ. ಮೂಗುದಾರ ಹಿಡಿದು ತಲೆ ಮೇಲಕ್ಕೆತ್ತುತ್ತಾರೆ, ನಾಲಿಗೆ ಹೊರಗೆ ಎಳೆಯುತ್ತಾರೆ. ನಾಲಿಗೆ ಎಳೆದರೆ ದನ ನುಂಗಲಾರದು. ನುಂಗದಿದ್ದರೆ ಗಾಳಿಕೊಳವೆ ಮುಚ್ಚದು. ಎಣ್ಣೆ ನೇರ ಪುಪ್ಪುಸಕ್ಕೆ ಇಳಿಯುತ್ತದೆ. ಹಾಗೆ ಇಳಿದ ಎಣ್ಣೆಯಿಂದ ಬರುವ ನ್ಯುಮೋನಿಯಾ ವಾಸಿಯಾಗುವುದು ಬಹಳ ಕಷ್ಟ.

ಆದ್ದರಿಂದ ಗೊಟ್ಟ ಹಾಕಲೇಬೇಕಾದರೆ ಹೀಗೆ ಮಾಡಿ. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ನಾಲಿಗೆ ಹಿಡಿಯಬಾರದು. ಬಾಯಿಯ ಪಕ್ಕದಿಂದ, ಹಲ್ಲಿಲ್ಲದ ಜಾಗದಿಂದ ಸ್ವಲ್ಪ ಹಾಕಿ, ನುಂಗಿದ್ದನ್ನು ನೋಡಿ, ಆಮೇಲೆ ಮತ್ತೆ ಸ್ವಲ್ಪ ಹಾಕಿ. ಕೆಮ್ಮಿದ ತಕ್ಷಣ ತಲೆ ಬಿಟ್ಟುಬಿಡಿ. ಎದ್ದು ನಿಲ್ಲಲಾರದ, ತೂರಾಡುವ ದನಕ್ಕೆ ಬಾಯಿಂದ ಏನನ್ನೂ ಹಾಕಬೇಡಿ.

ಗಂಟಲಿನದ್ದೇ ಇನ್ನೊಂದು ಮಾತು. ಮಳೆಗಾಲದಲ್ಲಿ ಎಮ್ಮೆಗೆ ಒಮ್ಮೆಲೇ ಜ್ವರ ಬಂದು, ಗಂಟಲು ಬಾತು, ಗೊರಗೊರ ಸದ್ದು ಬಂದರೆ ಅದು ಗಳಲೆ ರೋಗ ಇರಬಹುದು. ಆಕಳಿಗಿಂತ ಎಮ್ಮೆಗೆ ಇದು ಹೆಚ್ಚು ಮಾರಕ. ಒಂದೇ ದಿನದಲ್ಲಿ ಪ್ರಾಣ ಹೋಗಬಹುದು. ಮುಂಗಾರಿಗೆ ಮುಂಚೆ ಲಸಿಕೆ ಹಾಕಿಸುವುದು ಒಂದೇ ಭರವಸೆಯ ದಾರಿ.

ಹಂತ 4: ಕುರಿಯ ಪುಪ್ಪುಸವನ್ನು ಕೈಯಲ್ಲಿ ಹಿಡಿದು ನೋಡಿ

ಶಾಲೆಯಲ್ಲಿ ಮಾಡಿಸಬೇಕಾದ ಒಂದೇ ಒಂದು ಪ್ರಯೋಗ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಮಟನ್ ಅಂಗಡಿಯಲ್ಲಿ ಹಿಂದಿನ ದಿನವೇ ಹೇಳಿಡಿ: "ಅಣ್ಣಾರ, ಪುಪ್ಪುಸ ಕೊಯ್ಯಬ್ಯಾಡ್ರಿ, ಗಾಳಿ ಕೊಳವಿ ಸೈತ ಹಂಗ ಕೊಡ್ರಿ." ಹೇಳದಿದ್ದರೆ ತೂತು ಬಿದ್ದ ಪುಪ್ಪುಸ ಸಿಗುತ್ತದೆ. ಅದಕ್ಕೆ ಗಾಳಿ ತುಂಬಲು ಬರುವುದಿಲ್ಲ. ಮಾಂಸ ಮುಟ್ಟಲು ಇಷ್ಟವಿಲ್ಲದ ಮಕ್ಕಳನ್ನು ಒತ್ತಾಯ ಮಾಡಬೇಡಿ. ಅವರು ಎಣಿಸುವ, ಬರೆಯುವ ಕೆಲಸ ಮಾಡಲಿ.

ಎರಡು ಎಚ್ಚರಿಕೆ ಮೊದಲೇ ಹೇಳುತ್ತೇನೆ. ರೋಗ ಬಂದು ಸತ್ತ ಪ್ರಾಣಿಯದ್ದು ಬೇಡವೇ ಬೇಡ. ಇದ್ದಕ್ಕಿದ್ದಂತೆ ಸತ್ತು, ಮೂಗು, ಗುದದಿಂದ ಕಪ್ಪು ರಕ್ತ ಸೋರಿದ ದನವನ್ನು ಯಾರೂ ಕೊಯ್ಯಬಾರದು. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು, ಮನುಷ್ಯರಿಗೂ ಹಬ್ಬುತ್ತದೆ. ಇನ್ನೊಂದು, ಪುಪ್ಪುಸಕ್ಕೆ ಬಾಯಿಂದ ಊದಬೇಡಿ. ಪಂಪು ಇರುವುದೇ ಅದಕ್ಕೆ.

ಈಗ ಗಾಳಿಕೊಳವೆ ಮುಟ್ಟಿ ನೋಡಿ. ಸುತ್ತಲೂ ಗಟ್ಟಿ ಬಳೆಗಳಂತೆ ಮೆತ್ತನೆಯ ಎಲುಬುಗಳಿವೆ. ಆದರೆ ಬಳೆ ಪೂರ್ತಿ ಇಲ್ಲ, ಬೆನ್ನಿನ ಕಡೆ ಬಾಯಿ ಬಿಟ್ಟಿದೆ. ಹಿಂಡಿ ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತದೆ. ಈ ಬಳೆಗಳಿಲ್ಲದಿದ್ದರೆ ಉಸಿರು ಎಳೆದಾಗೆಲ್ಲ ಕೊಳವೆ ಅಂಟಿಕೊಂಡುಬಿಡುತ್ತಿತ್ತು.

ಕೊಳವೆಯ ಉದ್ದಕ್ಕೂ ಕೆಳಗೆ ಬನ್ನಿ. ಎರಡಾಗಿ ಕವಲೊಡೆಯುವ ಮುಂಚೆಯೇ ಬಲಗಡೆಗೆ ಒಂದು ಸಣ್ಣ ಕವಲು ಬೇರೆಯಾಗಿ ಹೊರಡುವುದು ಕಾಣುತ್ತದೆ. ಅದು ಬಲ ಪುಪ್ಪುಸದ ಮುಂದಿನ ಹಾಲೆಗೆ ಹೋಗುತ್ತದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಮತ್ತು ಹಂದಿಯಲ್ಲಿ ಈ ಕವಲು ಇದೆ. ನಾಯಿ, ಕುದುರೆಗೆ ಇಲ್ಲ, ಸಾಮಾನ್ಯವಾಗಿ ಮನುಷ್ಯರಿಗೂ ಇಲ್ಲ. ಪಠ್ಯಪುಸ್ತಕದಲ್ಲಿ ಇರುವುದು ಮನುಷ್ಯನ ಚಿತ್ರ. ಅದರಲ್ಲಿ ಇಲ್ಲದ್ದನ್ನು ಮಕ್ಕಳು ತಾವೇ ಕಂಡುಹಿಡಿದಾಗ ಅವರ ಮುಖ ನೋಡಬೇಕು.

ಬಲ ಮತ್ತು ಎಡ ಪುಪ್ಪುಸ ಪಕ್ಕಪಕ್ಕ ಇಟ್ಟು ನೋಡಿದರೆ ಬಲಗಡೆಯದ್ದು ದೊಡ್ಡದು. ಎಡಗಡೆ ಹೃದಯಕ್ಕೆ ಜಾಗ ಬಿಡಬೇಕಲ್ವಾ? ಬಲಗಡೆ ನಾಲ್ಕು ಹಾಲೆ: ಮುಂದಿನದು, ನಡುವಿನದು, ಹಿಂದಿನದು, ಒಳಗೆ ಅಡಗಿದ ಸಣ್ಣದೊಂದು. ಎಡಗಡೆ ಎರಡೇ. ದನದ ಪುಪ್ಪುಸ ಸಿಕ್ಕಿದರೆ ಅದರ ಮೇಲೆ ಚೌಕ ಚೌಕವಾದ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಕುರಿಯಲ್ಲಿ ಅಷ್ಟು ಕಾಣುವುದಿಲ್ಲ. ಆ ಗೆರೆಗಳು ಗೋಡೆಗಳು. ದನದಲ್ಲಿ ಒಂದು ಚೌಕದ ಗಾಳಿ ಪಕ್ಕದ ಚೌಕಕ್ಕೆ ದಾಟುವುದಿಲ್ಲ. ಒಂದು ಸಣ್ಣ ಕೊಳವೆ ಕಫದಿಂದ ಕಟ್ಟಿದರೆ ಅದರ ಚೌಕ ಪೂರ್ತಿ ಕೆಲಸ ನಿಲ್ಲಿಸುತ್ತದೆ. ಜೊತೆಗೆ ದನದ ಮೈಗೆ ಹೋಲಿಸಿದರೆ ಅದರ ಪುಪ್ಪುಸ ಸಣ್ಣದು. ದನಗಳಿಗೆ ನ್ಯುಮೋನಿಯಾ ಬೇಗ ಜೋರಾಗುವುದಕ್ಕೆ ಇವೂ ಕಾರಣ.

ರಬ್ಬರ್ ಪೈಪನ್ನು ಕೊಳವೆಯೊಳಗೆ ಇಟ್ಟು ದಾರದಿಂದ ಬಿಗಿಯಾಗಿ ಕಟ್ಟಿ, ಪಂಪಿನಿಂದ ನಿಧಾನಕ್ಕೆ ಗಾಳಿ ತುಂಬಿ. ಮುದುಡಿದ ಕಂದು ಬಣ್ಣದ ಮುದ್ದೆ ಹಿಗ್ಗಿ ಹಿಗ್ಗಿ ತಿಳಿ ಗುಲಾಬಿಯಾಗುತ್ತದೆ. ಪೈಪು ಬಿಟ್ಟರೆ ತಾನೇ ಕುಗ್ಗುತ್ತದೆ. ಗಮನಿಸಿ, ಕುಗ್ಗಿಸಲು ಯಾರೂ ಹಿಂಡಲಿಲ್ಲ. ಪುಪ್ಪುಸಕ್ಕೆ ಹಿಗ್ಗುವ ಶಕ್ತಿ ಇಲ್ಲ, ಕುಗ್ಗುವ ಗುಣ ಮಾತ್ರ ಇದೆ. ಹಿಗ್ಗಿಸುವವರು ಬೇರೆ. ಅದು ಮುಂದಿನ ಹಂತ.

ಒಂದು ತುಂಡು ಕತ್ತರಿಸಿ ಬಕೆಟ್ಟಿನ ನೀರಿಗೆ ಹಾಕಿ. ತೇಲುತ್ತದೆ. ಪಕ್ಕದಲ್ಲಿ ಯಕೃತ್ತಿನ ತುಂಡು ಹಾಕಿ. ಮುಳುಗುತ್ತದೆ. ನ್ಯುಮೋನಿಯಾ ಆದ ಭಾಗವೂ ಮುಳುಗುತ್ತದೆ, ಗಾಳಿ ಇರಬೇಕಾದ ಜಾಗದಲ್ಲಿ ಕೀವು, ನೀರು ತುಂಬಿರುತ್ತದೆ. ಹೊಟ್ಟೆಯಲ್ಲೇ ಸತ್ತು ಹುಟ್ಟಿದ ಕರುವಿನ ಪುಪ್ಪುಸ ಕೂಡ ಮುಳುಗುತ್ತದೆ. ಅದು ಒಂದು ಸಲವೂ ಉಸಿರು ಎಳೆದಿರುವುದಿಲ್ಲ.

ಕತ್ತರಿಸಿದ ಮೈಯನ್ನು ಒತ್ತಿದರೆ ನೊರೆ ಬರುತ್ತದೆ. ಆ ಸಣ್ಣ ಸಣ್ಣ ಗುಳ್ಳೆಗಳು ಗಾಳಿಗೂಡುಗಳಲ್ಲಿದ್ದ ಗಾಳಿ. ಗಾಳಿಗೂಡು ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದರ ಗೋಡೆ ಒಂದೇ ಪದರ ಜೀವಕೋಶದ್ದು, ಹೊರಗೆ ಒತ್ತಿಕೊಂಡು ಕೂದಲಿಗಿಂತ ತೆಳ್ಳಗಿನ ರಕ್ತನಾಳ. ಆಮ್ಲಜನಕ ಈ ತೆಳು ಗೋಡೆ ದಾಟಿ ರಕ್ತಕ್ಕೆ, ಇಂಗಾಲದ ಡೈಆಕ್ಸೈಡ್ ರಕ್ತದಿಂದ ಗಾಳಿಗೆ. ಎಳೆದ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21, ಮನುಷ್ಯ ಹೊರಗೆ ಬಿಟ್ಟ ಗಾಳಿಯಲ್ಲಿ ಸುಮಾರು 16. ಅಂದರೆ ಎಳೆದದ್ದರಲ್ಲಿ ಹೆಚ್ಚಿನ ಪಾಲು ವಾಪಸ್ ಹೋಗುತ್ತದೆ.

ಕೊಳವೆಯನ್ನು ಉದ್ದಕ್ಕೆ ಸೀಳಿ ಒಳಗೆ ನೋಡಿ. ಲೋಳೆ ಬಳಿದ ಪೊರೆಯ ಮೇಲೆ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಎಳೆಗಳು ಧೂಳನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಗಂಜಲದ ಘಾಟು, ಸೊಳ್ಳೆಗೆಂದು ಹಾಕಿದ ಹೊಗೆ ಈ ಎಳೆಗಳ ಕೆಲಸ ಕೆಡಿಸುತ್ತವೆ. ಕೊಟ್ಟಿಗೆಯಲ್ಲಿ ದನ ಮಲಗಿದಾಗ ಅದರ ಮೂಗು ಇರುವ ಎತ್ತರಕ್ಕೆ ಕುಕ್ಕರಗಾಲಲ್ಲಿ ಕುಳಿತು ನೋಡಿ. ನಿಮ್ಮ ಕಣ್ಣು ಉರಿದರೆ ದನಕ್ಕೆ ರಾತ್ರಿಯಿಡೀ ಅದೇ ಗಾಳಿ.

ಸೀಳಿದಾಗ ಬಿಳಿ ದಾರದಂಥ ಹುಳು ಸಿಕ್ಕರೆ ಅದು ಪುಪ್ಪುಸದ ಹುಳು. ನೀರು ತುಂಬಿದ ಗುಳ್ಳೆ ಸಿಕ್ಕರೆ ಅದನ್ನು ಒಡೆಯಬೇಡಿ. ಅದು ನಾಯಿಯ ಲಾಡಿಹುಳುವಿನ ಗುಳ್ಳೆ ಇರಬಹುದು. ಅಂಥ ಪುಪ್ಪುಸವನ್ನು ಹಸಿಯಾಗಿ ನಾಯಿ ತಿಂದರೆ ಹುಳು ನಾಯಿಯ ಹೊಟ್ಟೆಯಲ್ಲಿ ಬೆಳೆಯುತ್ತದೆ, ಅದರ ಮೊಟ್ಟೆ ನಾಯಿಯ ಮಲದಿಂದ ಕುರಿಗೆ, ಮನುಷ್ಯರಿಗೆ ಸೇರುತ್ತದೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಆಳವಾಗಿ ಹೂಳಿ, ಸೋಪು ಹಚ್ಚಿ ಕೈ ತೊಳೆಯಿರಿ. ನಾಯಿಗೆ ಎಸೆಯುವ ರೂಢಿ ಅಂಗಡಿಗಳಲ್ಲೂ ನಿಲ್ಲಬೇಕು.

ಹಂತ 5: ಗಾಳಿ ಒಳಗೆ ಬರುವುದು ಹೇಗೆ

ಕಮ್ಮಾರನ ತಿದಿ ನೋಡಿದ್ದೀರಲ್ಲ? ತಿದಿ ಹಿಗ್ಗಿದಾಗ ಗಾಳಿ ತಾನೇ ಒಳಗೆ ನುಗ್ಗುತ್ತದೆ. ಎದೆಗೂಡು ಕೆಲಸ ಮಾಡುವುದೂ ಹಾಗೆಯೇ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಅದು ಮುಂದಕ್ಕೆ, ಎದೆಯ ಕಡೆಗೆ ಉಬ್ಬಿಕೊಂಡಿರುತ್ತದೆ. ಬಿಗಿಯಾದಾಗ ಚಪ್ಪಟೆಯಾಗಿ ಹಿಂದಕ್ಕೆ ಸರಿಯುತ್ತದೆ. ಪಕ್ಕೆಲುಬುಗಳು ಹೊರಗೆ ಅಗಲವಾಗುತ್ತವೆ. ಎದೆಯೊಳಗೆ ಜಾಗ ಜಾಸ್ತಿಯಾಗಿ ಒತ್ತಡ ಕಡಿಮೆಯಾಗುತ್ತದೆ, ಗಾಳಿ ಬರುತ್ತದೆ. ಪುಪ್ಪುಸದ ಹೊರ ಪೊರೆಗೂ ಎದೆಯ ಒಳ ಪೊರೆಗೂ ನಡುವೆ ತೆಳ್ಳನೆಯ ನೀರಿನ ಪದರ ಇದ್ದು, ಎರಡೂ ಬೇರೆಯಾಗದಂತೆ ಹಿಡಿದಿರುತ್ತದೆ. ಕೊಂಬಿನ ತಿವಿತದಿಂದ ಎದೆಗೆ ತೂತು ಬಿದ್ದರೆ ಅಲ್ಲಿ ಗಾಳಿ ಸೇರಿ ಪುಪ್ಪುಸ ಕುಸಿಯುತ್ತದೆ. ತಕ್ಷಣ ಆ ತೂತನ್ನು ಸ್ವಚ್ಛವಾದ ಒದ್ದೆ ಬಟ್ಟೆಯಿಂದ ಒತ್ತಿ ಹಿಡಿದು ಡಾಕ್ಟರನ್ನು ಕರೆಸಿ.

ವಪೆ ಹಿಂದಕ್ಕೆ ಸರಿಯಬೇಕಾದರೆ ಹೊಟ್ಟೆಯಲ್ಲಿ ಜಾಗ ಬೇಕು. ಮಳೆ ಬಿದ್ದು ಹೆಸರು, ಅಲಸಂದಿ, ಶೇಂಗಾ ಹಸಿರಾಗಿರುವಾಗ ಹಸಿದ ದನ ಹೊಲಕ್ಕೆ ನುಗ್ಗಿ ಹೊಟ್ಟೆ ತುಂಬ ಮೇಯುತ್ತದೆ. ದೊಡ್ಡ ಹೊಟ್ಟೆಯಲ್ಲಿ ಗಾಳಿ ನೊರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಎಡಗಡೆಯ ತಗ್ಗು ಡೋಲಿನಂತೆ ಬಿಗಿಯಾಗುತ್ತದೆ. ಹೊಟ್ಟೆ ಉಬ್ಬರದಿಂದ ದನ ಸಾಯುವುದು ಅಜೀರ್ಣದಿಂದ ಅಲ್ಲ, ಉಸಿರು ಕಟ್ಟಿ. ವಪೆ ಸರಿಯಲು ಜಾಗವೇ ಇರುವುದಿಲ್ಲ. ಮುಂಗಾಲು ಎತ್ತರದ ಜಾಗದಲ್ಲಿ ಬರುವಂತೆ ನಿಲ್ಲಿಸಿದರೆ ಎದೆಯ ಮೇಲಿನ ಭಾರ ಸ್ವಲ್ಪ ಕಡಿಮೆಯಾಗುತ್ತದೆ. ಡಾಕ್ಟರು ಬರುವವರೆಗೆ ಮಲಗಲು ಬಿಡಬೇಡಿ.

ಇನ್ನೊಂದು ಸಂಗತಿ. ದನ ತೇಗಿದಾಗ ಹೊಟ್ಟೆಯ ಗಾಳಿಯ ಒಂದು ಪಾಲು ಪುಪ್ಪುಸಕ್ಕೂ ಹೋಗುತ್ತದೆ. ಅಲ್ಲಿಂದ ವಾಸನೆ ರಕ್ತಕ್ಕೆ, ರಕ್ತದಿಂದ ಹಾಲಿಗೆ. ಹಾಲು ಹಿಂಡುವ ಮುಂಚೆ ಉಳ್ಳಾಗಡ್ಡಿ ಸೊಪ್ಪು ಹಾಕಿದರೆ ಹಾಲು ನಾರುವುದು ಈ ದಾರಿಯಿಂದಲೂ.

ಆಗ ತಾನೇ ಹುಟ್ಟಿದ ಕರು ಉಸಿರು ಎಳೆಯದಿದ್ದರೆ ಮೂಗು, ಬಾಯಿಯ ಲೋಳೆ ಒರೆಸಿ, ಎದೆಯ ಮೇಲೆ ನೆಟ್ಟಗೆ ಕೂರಿಸಿ, ಮೂಗಿನೊಳಗೆ ಹುಲ್ಲಿನ ಕಡ್ಡಿ ಆಡಿಸಿ, ಒಣ ಬಟ್ಟೆಯಿಂದ ಮೈ ಉಜ್ಜಿ. ಹಿಂಗಾಲು ಹಿಡಿದು ಬಹಳ ಹೊತ್ತು ತೂಗುಹಾಕಬೇಡಿ. ಹೊಟ್ಟೆಯ ಭಾರವೆಲ್ಲ ವಪೆಯ ಮೇಲೆ ಬೀಳುತ್ತದೆ.

ಹಂತ 6: ರಕ್ತ ಮತ್ತು ಜೀವಕೋಶವನ್ನು ಮರೆಯಬೇಡಿ

ಇಲ್ಲಿಯವರೆಗಿನದೆಲ್ಲ ಗಾಳಿಯ ಮಾತು. ನಿಜವಾದ ಕೆಲಸ ಇಲ್ಲಿಂದ ಮುಂದೆ. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಂಡು ಹೋಗುತ್ತದೆ. ಒಂದು ಹಿಮೋಗ್ಲೋಬಿನ್ ಅಣುವಿಗೆ ನಾಲ್ಕು ಆಮ್ಲಜನಕದ ಅಣು. ಜೀವಕೋಶ ಅದನ್ನು ಬಳಸಿ ಆಹಾರದಿಂದ ಶಕ್ತಿ ತೆಗೆಯುತ್ತದೆ. ಉಳಿದ ಇಂಗಾಲದ ಡೈಆಕ್ಸೈಡ್ ವಾಪಸ್ ಬರುತ್ತದೆ. ಉಸಿರಿನ ವೇಗವನ್ನು ಹೆಚ್ಚಾಗಿ ನಿರ್ಧರಿಸುವುದೂ ಇದೇ. ರಕ್ತದಲ್ಲಿ ಅದು ಸ್ವಲ್ಪ ಏರಿದರೂ ಮಿದುಳಿನ ಬುಡದಿಂದ ಜೋರಾಗಿ ಉಸಿರಾಡಲು ಆಜ್ಞೆ ಹೋಗುತ್ತದೆ.

ನಮ್ಮ ಭಾಗದ ಎರಡು ಬೆಳೆಗಳು ಈ ಪಾಠವನ್ನು ಬಹಳ ಕಠಿಣವಾಗಿ ಕಲಿಸುತ್ತವೆ. ಮೊದಲನೆಯದು ಉಳ್ಳಾಗಡ್ಡಿ. ರೇಟು ಬಿದ್ದಾಗ ಗದಗ, ಧಾರವಾಡ ಜಿಲ್ಲೆಗಳಲ್ಲಿ ಹೊಲದಲ್ಲೇ ದನ ಬಿಡುತ್ತಾರೆ. ಮನಸ್ಸಿಗೆ ನೋವಾದರೂ ಬೇರೆ ದಾರಿ ಇರುವುದಿಲ್ಲ. ಆದರೆ ಉಳ್ಳಾಗಡ್ಡಿಯಲ್ಲಿರುವ ಗಂಧಕದ ಪದಾರ್ಥಗಳು ಕೆಂಪು ಕಣಗಳನ್ನು ಒಡೆಯುತ್ತವೆ. ಕುರಿ, ಆಡಿಗಿಂತ ದನಕ್ಕೆ ಇದು ಬೇಗ ತಟ್ಟುತ್ತದೆ. ಕೆಲವು ದಿನಗಳಲ್ಲಿ ಮೂತ್ರ ಕೆಂಪು ಅಥವಾ ಕಂದಾಗುತ್ತದೆ, ಒಸಡು ಬಿಳಿಚುತ್ತದೆ, ಎರಡು ಹೆಜ್ಜೆ ನಡೆದರೆ ಏದುಸಿರು. ಪುಪ್ಪುಸ ಪೂರ್ತಿ ಚೆನ್ನಾಗಿದೆ, ಗಾಳಿ ಬರುತ್ತಿದೆ, ಹೊರುವವರಿಲ್ಲ. ಮೈಗೆ ಅಂಟುವ ಉಣ್ಣೆಹುಳು ಕಚ್ಚಿ ಬರುವ ಜ್ವರದಲ್ಲೂ, ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ಜಾಸ್ತಿಯಾದಾಗಲೂ ಹೀಗೇ. ಕೆಳಗಿನ ಕಣ್ರೆಪ್ಪೆ ಎಳೆದು ಒಳಗಿನ ಬಣ್ಣ ನೋಡುವ ರೂಢಿ ಮಾಡಿಕೊಳ್ಳಿ. ಗುಲಾಬಿ ಇದ್ದರೆ ಸರಿ, ಕಾಗದದಂತೆ ಬೆಳ್ಳಗಿದ್ದರೆ ತೊಂದರೆ ರಕ್ತದಲ್ಲಿದೆ.

ಎರಡನೆಯದು ಜೋಳ. ಎಳೆಯ ಪೈರು, ಮಳೆ ಕೈಕೊಟ್ಟು ಬಾಡಿದ ಪೈರು, ಕೊಯ್ದ ಕೂಳೆಯಿಂದ ಮತ್ತೆ ಚಿಗುರಿದ ಕುಡಿ, ಈ ಮೂರರಲ್ಲೂ ಸೈನೈಡ್ ಹುಟ್ಟಿಸುವ ಪದಾರ್ಥ ಇರುತ್ತದೆ. ಹಸಿದ ದನ ಮೇದರೆ ಕೆಲವೇ ನಿಮಿಷಗಳಲ್ಲಿ ಜೋರು ಉಸಿರು, ನಡುಕ, ತೂರಾಟ, ಬೀಳುವುದು. ಇಲ್ಲಿ ಪುಪ್ಪುಸವೂ ಸರಿ, ರಕ್ತವೂ ಸರಿ. ಸೈನೈಡ್ ಜೀವಕೋಶದ ಒಳಗೆ ಆಮ್ಲಜನಕ ಬಳಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಯಾರೂ ತೆಗೆದುಕೊಳ್ಳದ ಆಮ್ಲಜನಕ ರಕ್ತದಲ್ಲೇ ಉಳಿದು ಒಸಡು ಹೊಳೆಯುವ ಕೆಂಪಾಗುತ್ತದೆ. ಆಮ್ಲಜನಕ ರಕ್ತದಲ್ಲಿ ತುಂಬಿದ್ದರೂ ದನ ಉಸಿರಿಲ್ಲದೆ ಸಾಯುತ್ತದೆ. ಇದಕ್ಕೆ ಇಂಜೆಕ್ಷನ್ ಇದೆ, ಆದರೆ ಬೇಗ ಸಿಗಬೇಕು. ಚೆನ್ನಾಗಿ ಬಲಿತು ಒಣಗಿದ ಕಣಿಕೆಗೆ ಈ ಭಯ ಬಹಳ ಕಡಿಮೆ.

ಹಾಗಾಗಿ ಒಸಡಿನ ಬಣ್ಣ ನೋಡಿ. ಬಿಳಿಚಿದ್ದರೆ ಕೆಂಪು ಕಣ ಕಡಿಮೆ. ನೀಲಿಯಾಗಿದ್ದರೆ ಆಮ್ಲಜನಕ ರಕ್ತಕ್ಕೆ ಸೇರುತ್ತಿಲ್ಲ. ಹೊಳೆಯುವ ಕೆಂಪಾಗಿದ್ದು, ಎಳೆ ಜೋಳ ಮೇದಿದ್ದರೆ ಸೈನೈಡ್. ಯೂರಿಯಾ ಜಾಸ್ತಿ ಹಾಕಿದ ಹಸಿರು ಮೇವು ತಿಂದು ಚಾಕಲೇಟ್ ಬಣ್ಣಕ್ಕೆ ತಿರುಗಿದ್ದರೆ ನೈಟ್ರೇಟ್ ವಿಷ.

ಹಂತ 7: ಫೋನ್ ಮಾಡುವಾಗ ಏನು ಹೇಳಬೇಕು

1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸಿನ ನೆರವು ಸಿಗುತ್ತದೆ. "ದನಕ್ಕ ಆರಾಮಿಲ್ಲ" ಎಂದಷ್ಟೇ ಹೇಳಬೇಡಿ. ನಿಮಿಷಕ್ಕೆ ಎಷ್ಟು ಉಸಿರು, ಮಾಮೂಲಿ ಎಷ್ಟು. ಎದೆ ಆಡುತ್ತದೋ, ಹೊಟ್ಟೆ ಆಡುತ್ತದೋ. ಎಳೆಯುವಾಗ ಕಷ್ಟವೋ, ಬಿಡುವಾಗಲೋ. ಒಸಡಿನ ಬಣ್ಣ, ಮೂತ್ರದ ಬಣ್ಣ. ಎಡಗಡೆ ಉಬ್ಬಿದೆಯೇ. ನಿನ್ನೆಯಿಂದ ಏನು ಮೇದಿದೆ, ಬಾಯಿಂದ ಯಾವುದಾದರೂ ಔಷಧ ಹಾಕಿದ್ದೀರಾ. ಇಷ್ಟು ಹೇಳಿದರೆ ಡಾಕ್ಟರು ಸರಿಯಾದ ಔಷಧ ಹಿಡಿದುಕೊಂಡೇ ಹೊರಡುತ್ತಾರೆ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ಹಂತ 8: ಕೋಳಿಯ ಉಸಿರು ಬೇರೆಯೇ

ಹಕ್ಕಿಗೆ ವಪೆ ಇಲ್ಲ. ಅದರ ಪುಪ್ಪುಸ ಸಣ್ಣದು, ಬೆನ್ನಿನ ಪಕ್ಕೆಲುಬುಗಳಿಗೆ ಅಂಟಿಕೊಂಡು ಗಟ್ಟಿಯಾಗಿರುತ್ತದೆ, ಹಿಗ್ಗುವುದೇ ಇಲ್ಲ. ಅದರ ಹಿಂದೆ ಮುಂದೆ ತೆಳ್ಳನೆಯ ಗಾಳಿಚೀಲಗಳಿವೆ, ಸಾಮಾನ್ಯವಾಗಿ ಒಂಬತ್ತು. ಮನೆಯಲ್ಲಿ ಕೋಳಿ ಕೊಯ್ದಾಗ ಕರುಳಿನ ಸುತ್ತ ಕಾಣುವ, ಮುಟ್ಟಿದರೆ ಹರಿಯುವ ಪಾರದರ್ಶಕ ಪೊರೆಗಳೇ ಅವು.

ಎಳೆದ ಗಾಳಿಯಲ್ಲಿ ಹೆಚ್ಚಿನದು ಮೊದಲು ಹಿಂದಿನ ಚೀಲಕ್ಕೆ ಹೋಗುತ್ತದೆ. ಉಸಿರು ಬಿಟ್ಟಾಗ ಅಲ್ಲಿಂದ ಪುಪ್ಪುಸಕ್ಕೆ. ಎರಡನೆಯ ಸಲ ಎಳೆದಾಗ ಮುಂದಿನ ಚೀಲಕ್ಕೆ. ಎರಡನೆಯ ಸಲ ಬಿಟ್ಟಾಗ ಹೊರಗೆ. ಹೀಗೆ ಪುಪ್ಪುಸದೊಳಗೆ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ನಮ್ಮಲ್ಲಿ ಹೊಸ ಗಾಳಿ ಹಳೆಯದರ ಜೊತೆ ಬೆರೆಯುತ್ತದೆ, ಹಕ್ಕಿಯಲ್ಲಿ ಎಳೆಯುವಾಗಲೂ ಬಿಡುವಾಗಲೂ ಹೊಸ ಗಾಳಿಯೇ ಸಿಗುತ್ತದೆ.

ಇದರ ನಿಜವಾದ ಬೆಲೆ ಕಾಣುವುದು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯಲ್ಲಿ. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಅದು. ಚಳಿಗಾಲದಲ್ಲಿ ಅಲ್ಲಿಗೆ ಬರುವ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಅರ್ಧಕ್ಕಿಂತಲೂ ಕಡಿಮೆ. ಅವುಗಳ ಪುಪ್ಪುಸ ಬೇರೆ ಬಾತುಗಳಿಗಿಂತ ದೊಡ್ಡದು, ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ, ರೆಕ್ಕೆಯ ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಜಾಸ್ತಿ. ಮಕ್ಕಳನ್ನು ಡಿಸೆಂಬರ್, ಜನವರಿಯಲ್ಲಿ ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿ.

ಮನೆಯ ಜವಾರಿ ಕೋಳಿಗೆ ಬೇಕಾದ ಎಚ್ಚರ ಇಷ್ಟೇ. ಎದೆಯ ಎಲುಬು ಕೆಳಗೆ ಮೇಲೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಮಕ್ಕಳು ಪ್ರೀತಿಯಿಂದ ಎದೆ ಸುತ್ತ ಬಿಗಿಯಾಗಿ ಅಪ್ಪಿ ಹಿಡಿದರೆ ಕೋಳಿ ಕೈಯಲ್ಲೇ ಸಾಯಬಹುದು. ರೆಕ್ಕೆ ಮೈಗೆ ಒತ್ತಿ, ಕೆಳಗಿನಿಂದ ಆಧಾರ ಕೊಟ್ಟು ಸಡಿಲವಾಗಿ ಹಿಡಿಯಲು ಕಲಿಸಿ.

ಹಂತ 9: ಮೀನು, ಕಪ್ಪೆ, ರೇಷ್ಮೆಹುಳ

ಒಂದು ಲೀಟರ್ ನೀರಿನಲ್ಲಿರುವ ಆಮ್ಲಜನಕ ಒಂದು ಲೀಟರ್ ಗಾಳಿಯಲ್ಲಿರುವುದಕ್ಕಿಂತ ಸುಮಾರು ಮೂವತ್ತು ಪಟ್ಟು ಕಡಿಮೆ. ಅದಕ್ಕೇ ಮೀನಿನ ಕಿವಿರಿನಲ್ಲಿ ನೀರು ಒಂದು ದಿಕ್ಕಿಗೆ, ರಕ್ತ ಅದರ ಎದುರು ದಿಕ್ಕಿಗೆ ಹರಿಯುತ್ತದೆ. ಕೊನೆಯವರೆಗೂ ಆಮ್ಲಜನಕ ಎಳೆದುಕೊಳ್ಳಲು ಇದೇ ಉಪಾಯ. ಮಾರ್ಕೆಟ್ಟಿನಲ್ಲಿ ಕಟ್ಲಾ, ರೋಹು ಕೊಳ್ಳುವಾಗ ಮುಚ್ಚಳ ಎತ್ತಿ ನೋಡಿ, ಕೆಂಪು ಬಾಚಣಿಗೆಯಂಥ ಸಾಲು ಕಾಣುತ್ತದೆ. ಕೃಷಿಹೊಂಡದಲ್ಲಿ ಮೀನು ಬಿಟ್ಟವರು ನಸುಕಿನಲ್ಲಿ ಹೋಗಿ ನೋಡಬೇಕು. ರಾತ್ರಿ ಪಾಚಿಯೂ ಆಮ್ಲಜನಕ ಬಳಸುವುದರಿಂದ ಆ ಹೊತ್ತಿಗೆ ನೀರಿನಲ್ಲಿ ಅದು ಅತಿ ಕಡಿಮೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಹೊಸ ನೀರು ಬಿಡಿ, ಅಂದು ಆಹಾರ ಹಾಕಬೇಡಿ.

ಕಪ್ಪೆಗೆ ವಪೆಯೂ ಇಲ್ಲ, ಅಗಲವಾಗುವ ಪಕ್ಕೆಲುಬೂ ಇಲ್ಲ. ಗಂಟಲು ಆಡಿಸಿ ಗಾಳಿಯನ್ನು ನುಂಗಿದಂತೆ ಪುಪ್ಪುಸಕ್ಕೆ ದಬ್ಬುತ್ತದೆ. ಒದ್ದೆ ಚರ್ಮದಿಂದಲೂ ಉಸಿರಾಡುತ್ತದೆ. ಎರೆಹುಳಕ್ಕಂತೂ ಚರ್ಮ ಒಂದೇ ದಾರಿ. ಎರೆಗೊಬ್ಬರದ ತೊಟ್ಟಿ ಒಣಗಿದರೂ ಅದಕ್ಕೆ ಉಸಿರಿಲ್ಲ, ನೀರು ನಿಂತರೂ ಉಸಿರು ಸಾಲದು.

ಹಾವೇರಿ ಜಿಲ್ಲೆಯ ರೇಷ್ಮೆ ಬೆಳೆಗಾರರ ಮನೆಗೆ ಹೋದರೆ ಐದನೇ ಹಂತದ ಹುಳವೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ಪಕ್ಕದಿಂದ ನೋಡಿ. ಒಂದೊಂದು ಬದಿಗೆ ಒಂಬತ್ತು ಕಪ್ಪು ಚುಕ್ಕೆಗಳಿವೆ. ಅವು ಉಸಿರಿನ ರಂಧ್ರಗಳು. ಅಲ್ಲಿಂದ ಸಣ್ಣ ಕೊಳವೆಗಳು ಕವಲೊಡೆದು ಜೀವಕೋಶದ ಬಾಗಿಲವರೆಗೂ ಗಾಳಿಯನ್ನೇ ಒಯ್ಯುತ್ತವೆ. ಹುಳದ ರಕ್ತಕ್ಕೆ ಆಮ್ಲಜನಕ ಹೊರುವ ಕೆಲಸವೇ ಇಲ್ಲ. ಹಾಗಾಗಿ ಸಾಕಾಣಿಕೆ ಮನೆಯ ಗಾಳಿ ಕೆಟ್ಟರೆ ಅದು ನೇರ ಹುಳದ ಮೈಯೊಳಗೆ. ಸೊಪ್ಪು ಹೆಚ್ಚು ತಿನ್ನುವ ಕೊನೆಯ ದಿನಗಳಲ್ಲಿ ಕಿಟಕಿಗೆ ಬಲೆ ಕಟ್ಟಿ ತೆರೆದಿಡಿ, ಹಾಸಿಗೆಯ ಹಿಕ್ಕೆ ದಿನಾ ತೆಗೆಯಿರಿ, ಒಳಗೆ ಹೊಗೆ, ಊದುಬತ್ತಿ, ಸೊಳ್ಳೆ ಕಾಯಿಲ್ ಯಾವುದೂ ಬೇಡ. ಹೊಲದಲ್ಲಿ ಕೀಟನಾಶಕ ಹೊಡೆದು ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಒಳಗೆ ಹೋಗಬೇಕು.